ಆಷಾಢದ ಲಕೋಟೆಗಳು

ನಮ್ಮ ಹುಳುಮನೆಯ ಗೋಡೆಯ ಮೇಲೆ ಇದ್ದಿಲಿನ ಗುರುತುಗಳಿರುತ್ತಿದ್ದವು. ನಾನು ಓದಲು ಕಲಿತ ಮೊದಲ ಸರ್ಕಾರಿ ದಾಖಲೆ ಅದೇ, ಏಕೆಂದರೆ ಆ ಮನೆಯ ಸರ್ಕಾರ ಅಮ್ಮ. ಮಾಗಡಿಯಿಂದ ಆಚೆ, ಬಸ್ಸಿಳಿದು ಒಂದೂವರೆ ಮೈಲಿ ನಡೆದರೆ ಸಿಗುವ ನಮ್ಮೂರಿನಲ್ಲಿ ಎಲ್ಲರೂ ರಾಗಿ ಬೆಳೆಯುತ್ತಿದ್ದರು. ಅರ್ಧ ಊರು ರೇಷ್ಮೆ ಹುಳುವನ್ನೂ ಸಾಕುತ್ತಿತ್ತು. ಹುಳುವಿಗೆ ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಸೊಪ್ಪು ಹಾಕಿದವರು ಗೋಡೆಯ ಮೇಲೆ ತಮ್ಮ ಗುರುತು ಬರೆಯಬೇಕೆಂಬುದು ಅಮ್ಮನ ಕಾನೂನು. ಅಪ್ಪನದು ಅಡ್ಡಗೆರೆ, ಅಮ್ಮನದು ಸೊನ್ನೆ, ನನ್ನದು ಪುಟ್ಟ ಎಲೆ. ಹುಳು ಸೊರಗಿದರೆ ಯಾರನ್ನೂ ವಿಚಾರಿಸಬೇಕಿರಲಿಲ್ಲ, ಗೋಡೆಯನ್ನು ನೋಡಿದರೆ ಸಾಕಿತ್ತು.

ಹತ್ತನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಕುಂಟೆಬಿಲ್ಲೆಯ ಆತುರದಲ್ಲಿ ನಾನು ಸೊಪ್ಪು ಹಾಕದೆಯೇ ಎಲೆ ಬರೆದು ಓಡಿಹೋದೆ. ಹಿಂದಿರುಗಿದಾಗ ಅಮ್ಮ ತಟ್ಟೆಗಳ ಮುಂದೆ ನಿಂತಿದ್ದಳು. ಸಾವಿರಾರು ಹುಳುಗಳು ತಲೆಯೆತ್ತಿ ಗಾಳಿಯಲ್ಲಿ ಸೊಪ್ಪು ಹುಡುಕುತ್ತಿದ್ದವು. ಹೊಡೆತ ಬೀಳುತ್ತದೆಂದು ನಾನು ಕಣ್ಣು ಮುಚ್ಚಿಕೊಂಡು ತಪ್ಪಾಯಿತೆಂದೆ. ಅಮ್ಮ, "ನಂಗೇನೇಳ್ತೀಯ? ಉಪಾಸ ಬಿದ್ದವು ಅವು. ಅವಕ್ಕೇಳು" ಎಂದಳು. ನಾನು ಸೊಪ್ಪು ಹರಡಿ, ಒಂದೊಂದು ತಟ್ಟೆಯ ಮುಂದೆಯೂ ನಿಂತು, ಹಾಕಿರಲಿಲ್ಲ, ಸುಳ್ಳು ಬರೆದೆ, ಎಂದು ಹುಳುಗಳಿಗೆ ಒಪ್ಪಿಸಿದೆ. ಅವು ತಿನ್ನುವುದರಲ್ಲಿ ಮುಳುಗಿದ್ದವು. ಬಾಗಿಲ ಹಿಂದೆ ಅಪ್ಪ ನಗು ತಡೆಯಲಾರದೆ ಕೆಮ್ಮಿದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಹದಿನೆಂಟಕ್ಕೆ ನಾನು ಚಾಮರಾಜಪೇಟೆಗೆ ಬಂದೆ. ಬೇಸಾಯದ ಮನೆಗಳ ಹೆಣ್ಣುಮಕ್ಕಳಿಗೆಂದೇ ಹಿಂದಿನವರಾರೋ ಕಟ್ಟಿಸಿದ ವಿದ್ಯಾರ್ಥಿನಿಲಯವದು: ದಪ್ಪ ಗೋಡೆ, ಹೆಂಚಿನ ಜಗಲಿ, ಬುಧವಾರ ಮುದ್ದೆ ಸೊಪ್ಪಿನ ಸಾರು. ಅಲ್ಲಿಂದ ಬಸವನಗುಡಿಯ ನಮ್ಮ ಕಾಲೇಜಿಗೆ ನಡೆದೇ ಹೋಗುತ್ತಿದ್ದೆವು. ಗಾಂಧಿ ಬಜಾರಿನಲ್ಲಿ ಕನಕಾಂಬರದ ರಾಶಿಗಳನ್ನು ದಾಟುವಾಗ ಪ್ರತಿದಿನವೂ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ನಾನು ರಾಜ್ಯಶಾಸ್ತ್ರ ಓದಿದೆ. ನನ್ನ ಕೋಣೆಯ ಗೆಳತಿ, ಚನ್ನರಾಯಪಟ್ಟಣದ ಕಡೆಯವಳು, ರಸಾಯನಶಾಸ್ತ್ರ ಓದಿದಳು. ಬಸ್ಸು ಏಕೆ ತಡವಾಯಿತು, ಗ್ರಂಥಾಲಯದ ಫ್ಯಾನು ಏಕೆ ತಿರುಗುವುದಿಲ್ಲ, ಮೆಸ್ಸಿನ ಮಜ್ಜಿಗೆಗೆ ನೀರು ಬೆರೆಸಿದವರು ಯಾರು ಎಂದು ಕೇಳಿ ಕೇಳಿ ನಾನು ಅರ್ಜಿ ಬರೆಯುತ್ತಿದ್ದರೆ ಅವಳು ಹಾಸಿಗೆಯ ಮೇಲೆ ಉರುಳಾಡಿ ನಗುತ್ತಿದ್ದಳು. "ಮಗಾ, ನಿನ್ ಮದ್ವೇಲಿ ಅಕ್ಷತೆ ಲೇಟಾದ್ರೂ ಪುರೋಹಿತರ ಹತ್ರ ವಿವರಣೆ ಕೇಳ್ತೀಯ ನೀನು."

ಸ್ನಾತಕೋತ್ತರ ಪದವಿಯ ಕೊನೆಯ ವರ್ಷ ನಮ್ಮಿಬ್ಬರಿಗೂ ಹೊರದೇಶದಲ್ಲಿ ಓದುವ ಅವಕಾಶ ಬಂತು. ಸಾರ್ವಜನಿಕ ಆಡಳಿತವನ್ನು ಅಭ್ಯಾಸ ಮಾಡಲು ನನಗೆ ಸ್ಕಾಟ್ಲೆಂಡಿನಲ್ಲಿ, ಸಂಶೋಧನೆಗೆ ಅವಳಿಗೆ ಜರ್ಮನಿಯಲ್ಲಿ, ಇಬ್ಬರಿಗೂ ವಿದ್ಯಾರ್ಥಿವೇತನವಿತ್ತು. ಒಂದೇ ಷರತ್ತು: ಕೊನೆಯ ಅಂಕಪಟ್ಟಿಯ ದೃಢೀಕೃತ ಪ್ರತಿಯನ್ನು ಕಾಲೇಜು ಲಕೋಟೆಯಲ್ಲಿಟ್ಟು ಮುದ್ರೆಯೊತ್ತಿ ಕೊಡಬೇಕು, ಆ ಲಕೋಟೆ ಗೊತ್ತಾದ ದಿನದೊಳಗೆ ಅಲ್ಲಿಗೆ ತಲುಪಬೇಕು. ತಲುಪದಿದ್ದರೆ ಸೀಟು ಇನ್ನೊಬ್ಬರದು. ಅವಳ ಗಡುವು ನನ್ನದಕ್ಕಿಂತ ಹತ್ತು ದಿನ ಮುಂಚೆ ಮುಗಿಯುತ್ತಿತ್ತು. ಫಲಿತಾಂಶ ಬಂದ ಮರುದಿನವೇ ಇಬ್ಬರೂ ಅರ್ಜಿ ಕೊಟ್ಟೆವು. ಮೂರು ದಿನದ ಕೆಲಸ, ಎಂದರು ಕಿಟಕಿಯಲ್ಲಿದ್ದವರು.

ಲಕೋಟೆಗಳ ಹೊಣೆ ಕಚೇರಿಯ ಸೂಪರಿಂಟೆಂಡೆಂಟರದು. ಮಲ್ಲೇಶ್ವರದಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಮನೆಯವರು. ಹಣೆಯಲ್ಲಿ ಸಣ್ಣ ಕುಂಕುಮ, ಇಸ್ತ್ರಿ ಮಾಡಿದ ಅಂಗಿ, ನಿವೃತ್ತಿಗೆ ಐದು ತಿಂಗಳು ಬಾಕಿ. ಅವರನ್ನು ಎದುರಿಸಲು ನಾನು ಸಕಲ ಸಿದ್ಧತೆಯೊಂದಿಗೆ ಹೋಗಿದ್ದೆ. ಲಂಚ ಕೇಳಿದರೆ ಏನು ಹೇಳಬೇಕು, ಗದರಿದರೆ ಯಾವ ನಿಯಮ ಉಲ್ಲೇಖಿಸಬೇಕು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಅವರು ಲಂಚ ಕೇಳಲಿಲ್ಲ, ಗದರಲೂ ಇಲ್ಲ. ಕುರ್ಚಿ ಎಳೆದು ಕೂರಿಸಿ, ಡಬ್ಬಿಯಿಂದ ಕಲ್ಲುಸಕ್ಕರೆ ತೆಗೆದುಕೊಟ್ಟು, "ಆಗುತ್ತಮ್ಮ, ಸ್ವಲ್ಪ ತಾಳ್ಮೆ" ಎಂದರು. ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ನಿಯಮ ಉಲ್ಲೇಖಿಸುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು.

ನಾಲ್ಕನೆಯ ದಿನವೂ ತಾಳ್ಮೆ, ಏಳನೆಯ ದಿನವೂ ತಾಳ್ಮೆ. ಆಗ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡು ಅದರಲ್ಲಿ ಗೆರೆ ಹಾಕಿದೆ: ಯಾವ ದಿನ ಹೋದೆವು, ಯಾರನ್ನು ಕೇಳಿದೆವು, ಏನು ಹೇಳಿದರು. ನಮ್ಮ ಕಚೇರಿಗಳಲ್ಲಿ ಫೈಲು ನಿಂತಿದೆ ಎನ್ನುತ್ತಾರೆ. ಫೈಲಿಗೆ ಕಾಲಿಲ್ಲ, ಅದು ತಾನಾಗಿ ನಡೆಯುವುದೂ ಇಲ್ಲ, ನಿಲ್ಲುವುದೂ ಇಲ್ಲ; ಅದನ್ನು ಯಾರೋ ಒಬ್ಬರು ನಿಲ್ಲಿಸಿರುತ್ತಾರೆ. ಆ ಯಾರೋ ಒಬ್ಬರಿಗೆ ಹೆಸರಿದೆ, ಮೇಜಿದೆ, ಊಟದ ಡಬ್ಬಿಯಿದೆ. ಗೋಡೆಯ ಮೇಲೆ ಗುರುತು ಬರೆಯುವ ಮನೆಯಲ್ಲಿ ಬೆಳೆದ ನನಗೆ, ಗುರುತೇ ಇಲ್ಲದೆ ಕೆಲಸ ನಡೆಯುವ ಊರು ಅರ್ಥವಾಗುತ್ತಿರಲಿಲ್ಲ.

ನಮ್ಮ ಏಳನೆಯ ಭೇಟಿಯ ಹೊತ್ತಿಗೆ ಗೆಳತಿಯ ಗಡುವು ಮುಗಿದು ನಾಲ್ಕು ದಿನವಾಗಿತ್ತು. ಅವಳು ತಮಾಷೆ ಮಾಡುವುದನ್ನು ನಿಲ್ಲಿಸಿದ್ದಳು. ಊರಿಗೆ ಫೋನು ಮಾಡಿ ಇನ್ನೂ ವಿಷಯ ತಿಳಿಸಿರಲಿಲ್ಲ. ಪೆಟ್ಟಿಗೆ ತುಂಬಲೆಂದು ತಂದಿದ್ದ ಹೊಸ ಸ್ವೆಟರನ್ನು ಮಡಿಚಿ ಕಪಾಟಿನ ತಳಕ್ಕೆ ತಳ್ಳಿದ್ದಳು. ನನಗೆ ಉಳಿದಿದ್ದುದು ಆರು ದಿನ, ಅದರಲ್ಲಿ ನಾಲ್ಕು ಕೊರಿಯರಿಗೆ ಬೇಕು.

ಅಂದು ನಮ್ಮ ಜೊತೆ ಅಮ್ಮನೂ ಇದ್ದಳು. ಹೊಲದ ಬಿತ್ತನೆಯನ್ನು ಒಂದು ದಿನದ ಮಟ್ಟಿಗೆ ಅಪ್ಪನಿಗೆ ಒಪ್ಪಿಸಿ, ಮಗಳು ದೇಶ ಬಿಡುವ ಮುಂಚೆ ಬಳೇಪೇಟೆಯಲ್ಲಿ ತಾನೇ ನಿಂತು ಹಸಿರು ಗಾಜಿನ ಬಳೆ ತೊಡಿಸಬೇಕೆಂದು ಮೊದಲ ಬಸ್ಸಿಗೆ ಬಂದಿದ್ದಳು. ಕೈಗಾಡಿಗಳ ನಡುವೆ ನುಗ್ಗಿ, ಮೂರು ಅಂಗಡಿ ಸುತ್ತಿ, ನನಗೂ ಗೆಳತಿಗೂ ಸಮನಾಗಿ ತೊಡಿಸಿಯಾಗಿತ್ತು. ಕಚೇರಿಗೆ ಹೋಗಬೇಕೆಂದಾಗ, "ನಡಿ, ನಾನೂ ನೋಡ್ತೀನಿ ಅದೇನು ಕಲ್ಸಕ್ರೆ ಅಂತ" ಎಂದು ಹೊರಟಳು.

ಸೂಪರಿಂಟೆಂಡೆಂಟರು ಎದ್ದು ನಿಂತು ಅಮ್ಮನಿಗೆ ನಮಸ್ಕಾರ ಮಾಡಿ ಕುರ್ಚಿ ಕೊಟ್ಟರು. ನಾನು ನೋಟ್‌ಬುಕ್ ತೆರೆದು ಓದತೊಡಗಿದೆ. ಮೊದಲ ದಿನ: ಆಗುತ್ತೆ. ನಾಲ್ಕನೆಯ ದಿನ: ತಾಳ್ಮೆ. ಏಳನೆಯ ದಿನ: ತಾಳ್ಮೆ. ಹತ್ತನೆಯ ದಿನ: ಒಳ್ಳೆಯದಾಗುತ್ತೆ. ಓದುತ್ತಾ ಓದುತ್ತಾ ನನ್ನ ಧ್ವನಿಯೇ ತಡವರಿಸಿತು. ಇಷ್ಟು ದಿನ ಬರೆದವಳು ನಾನೇ ಆದರೂ ಕಣ್ಣಿಗೆ ಬೀಳದ ಒಂದು ಸಂಗತಿ ಆ ಪುಟದಲ್ಲಿತ್ತು. ಲಕೋಟೆ ಸಿದ್ಧವಾಗಿಲ್ಲ ಎಂದು ಅವರು ಒಂದು ಸಲವೂ ಹೇಳಿರಲಿಲ್ಲ.

"ಸರ್, ನಮ್ಮ ಲಕೋಟೆ ರೆಡಿ ಇದೆಯಾ, ಇಲ್ವಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳಲು ಬಾರದವರ ಸಂಕಟ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. "ರೆಡಿ ಇದೆ" ಎಂದರು.

"ಯಾವತ್ತಿಂದ?"

"ಮೂರನೇ ದಿನದಿಂದ."

ಹಿಂದಿನ ಬೀರುವಿನ ಬೀಗ ತೆಗೆದರು. ಮೇಲಿನ ಅರೆಯಲ್ಲಿ ಗಣಪತಿಯ ಸಣ್ಣ ಪಟ, ಅದರ ಮುಂದೆ ಒಪ್ಪವಾಗಿ ಜೋಡಿಸಿದ ಹನ್ನೊಂದು ಲಕೋಟೆಗಳು. ಎಲ್ಲದಕ್ಕೂ ಮುದ್ರೆ ಬಿದ್ದಿತ್ತು, ಮೂಲೆಗೆ ಕುಂಕುಮದ ಬೊಟ್ಟಿತ್ತು. ಹೊರದೇಶಕ್ಕೆ ಹೊರಟ ಹನ್ನೊಂದು ಜನರ ಭವಿಷ್ಯ ಅಲ್ಲಿ ಊದುಬತ್ತಿಯ ವಾಸನೆ ಕುಡಿಯುತ್ತಾ ಕುಳಿತಿತ್ತು. ಅವುಗಳಲ್ಲಿ ಗಂಡುಮಕ್ಕಳವೂ ಇದ್ದವು, ಆ ವಿಷಯದಲ್ಲಿ ಅವರು ಪಕ್ಷಪಾತ ಮಾಡಿರಲಿಲ್ಲ.

"ಆಷಾಢ ನಡೀತಿದೆಯಲ್ಲಮ್ಮ" ಎಂದರು ಅವರು, ನನಗಲ್ಲ, ಅಮ್ಮನಿಗೆ. "ಹೊಸದಾಗಿ ಸಮುದ್ರ ದಾಟೋ ಮಕ್ಕಳು. ಶೂನ್ಯ ಮಾಸದಲ್ಲಿ ಕೈಗೆ ಕೊಟ್ಟು ಏನಾದ್ರೂ ಆದ್ರೆ? ಇನ್ನೊಂಬತ್ತು ದಿನ, ಶ್ರಾವಣ ಬಂದ್ಬಿಡುತ್ತೆ. ಒಳ್ಳೇ ದಿನ ನೋಡಿ ನಾನೇ ಕರೆದು ಕೊಡೋಣ ಅಂತಿದ್ದೆ. ನನ್ನ ಮಗಳನ್ನೂ ಹೀಗೇ ಕಳಿಸಿದ್ದು."

ನಾನು ಕೋಪದಿಂದ ನೋಟ್‌ಬುಕ್ ಮುಚ್ಚಿದೆ. ದುಷ್ಟನನ್ನು ಎದುರಿಸಲು ಸಜ್ಜಾಗಿ ಬಂದವಳ ಮುಂದೆ ಒಬ್ಬ ಒಳ್ಳೆಯ ಮನುಷ್ಯ ಕೂತಿದ್ದರು, ಮತ್ತು ದುಷ್ಟನು ಮಾಡಬಹುದಾದಷ್ಟೇ ಹಾನಿಯನ್ನು ಮಾಡಿದ್ದರು. ಮಾತನಾಡಿದ್ದು ಅಮ್ಮ. ಧ್ವನಿ ಏರಿಸಲಿಲ್ಲ, ಎದುರು ಮನೆಯವರಿಗೆ ಬೇಸಾಯ ವಿವರಿಸುವ ಹಾಗೆ ಹೇಳಿದಳು.

"ಸ್ವಾಮಿ, ನಮ್ಗೆ ಆಷಾಢ ಅಂದ್ರೆ ಬಿತ್ತೋ ತಿಂಗ್ಳು. ಇವತ್ತು ನಮ್ ಯಜಮಾನ್ರು ಹೊಲ್ದಾಗೆ ರಾಗಿ ಚೆಲ್ತಾವ್ರೆ. ಬೀಜ ಮಡ್ಲಾಗಿಟ್ಕಂಡು ಒಳ್ಳೇ ತಿಂಗ್ಳು ಬರ್ಲಿ ಅಂತ ಕುಂತ್ರೆ, ನೀವು ನಾವು ತಿನ್ನಾದೇನು? ನಿಮ್ ತಿಂಗ್ಳು ನಿಮ್ಗೆ, ನಮ್ ತಿಂಗ್ಳು ನಮ್ಗೆ. ಈ ಮಗೀಂದು ದಿನ ಮುಗ್ದೋಗೈತೆ, ಅದುಕ್ಕೇನು ಮಾಡ್ತೀರ ಈಗ?"

ಮಗು ಎಂದು ಅವಳು ಕೈ ಹಿಡಿದು ತೋರಿಸಿದ್ದು ನನ್ನ ಗೆಳತಿಯನ್ನು. ಅವಳ ಗಡುವು ಮುಗಿದುಹೋದ ಸಂಗತಿ ಸೂಪರಿಂಟೆಂಡೆಂಟರಿಗೆ ತಿಳಿದೇ ಇರಲಿಲ್ಲ. ಎಲ್ಲರ ಗಡುವೂ ತಿಂಗಳ ಕೊನೆಗೇ ಎಂದು ಭಾವಿಸಿದ್ದರು; ನಾವು ಅರ್ಜಿಯಲ್ಲಿ ಬರೆದಿದ್ದ ದಿನಾಂಕವನ್ನು ಓದಿರಲಿಲ್ಲ, ಅದರಲ್ಲಿದೆಯಲ್ಲ ಎಂದು ನಾವೂ ಬಾಯಿಬಿಟ್ಟು ಹೇಳಿರಲಿಲ್ಲ. ಅರ್ಜಿ ಹುಡುಕಿ ತೆಗೆದು, ಓದಿ, ಕುರ್ಚಿಯಲ್ಲಿ ಕುಸಿದರು. ಆಮೇಲೆ ತಾವಾಗಿಯೇ ವಿತರಣೆಯ ರಿಜಿಸ್ಟರ್ ತೆರೆದು ನಮ್ಮಿಬ್ಬರ ಹೆಸರಿನ ಮುಂದೆ ಸಿದ್ಧವಾದ ದಿನ, ಕೊಟ್ಟ ದಿನ ಬರೆದರು. ವಿಳಂಬಕ್ಕೆ ಕಾರಣ ಎಂಬ ಅಂಕಣದಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಆಷಾಢ ಎಂದು ಬರೆದು ಸಹಿ ಹಾಕಿದರು. ಅಷ್ಟು ಸತ್ಯವಾದ ಕಾರಣ ಆ ರಿಜಿಸ್ಟರಿನ ಯಾವ ಪುಟದಲ್ಲೂ ಇದ್ದಿರಲಾರದು. ಅತ್ತು ಕಣ್ಣು ಕೆಂಪಾಗಿದ್ದ ಗೆಳತಿ ಅದನ್ನು ನೋಡಿ ಫಕ್ಕನೆ ನಕ್ಕುಬಿಟ್ಟಳು. ಅಮ್ಮನೂ ನಕ್ಕಳು. ಕೊನೆಗೆ ಅವರೂ.

ಆದರೆ ನಗು ಜರ್ಮನಿಯನ್ನು ತಲುಪುವುದಿಲ್ಲ. ಸೀಟು ಮರಳಿ ಸಿಗುವ ಸಾಧ್ಯತೆ ಇದ್ದುದು ಒಂದೇ ದಾರಿಯಲ್ಲಿ: ತಪ್ಪು ವಿದ್ಯಾರ್ಥಿನಿಯದಲ್ಲ, ಕಚೇರಿಯದು, ಎಂದು ಕಾಲೇಜು ಬರೆದುಕೊಡಬೇಕು. ನಾನೇ ಕೂತು ಕರಡು ಬರೆದೆ. ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಕೊನೆಯ ಐದು ತಿಂಗಳಲ್ಲಿ ಇಂಥ ಪತ್ರವೊಂದು ಅವರ ಸೇವಾ ದಾಖಲೆಗೆ ಸೇರಿದರೆ ಪಿಂಚಣಿ ತಡೆಹಿಡಿಯಬಹುದೆಂದು ಪಕ್ಕದ ಗುಮಾಸ್ತೆಯೊಬ್ಬರು ಪಿಸುಗುಟ್ಟಿದ್ದರು. ಅರ್ಜಿ ಓದಿ ಅವರು ಕುಸಿದದ್ದನ್ನು ನಾನೂ ನೋಡಿದ್ದೆ. ಆದ್ದರಿಂದ, ಪರೀಕ್ಷೆಯ ನಂತರದ ಕೆಲಸದ ಒತ್ತಡದಿಂದ ವಿಳಂಬವಾಯಿತೆಂದು ಬರೆದೆ. ಐದು ವರ್ಷ ಎಲ್ಲರಿಂದ ಲೆಕ್ಕ ಕೇಳಿದವಳು, ನಿಜವಾದ ಲೆಕ್ಕ ಎದುರಿಗೆ ಬಂದಾಗ ಅದರ ಮೇಲೆ ಬಟ್ಟೆ ಹೊದಿಸಲು ಹೊರಟಿದ್ದೆ.

ಅವರು ಕರಡನ್ನು ಓದಿ ಹಿಂದಕ್ಕೆ ಸರಿಸಿದರು. "ಒತ್ತಡ ಏನೂ ಇರ್ಲಿಲ್ಲಮ್ಮ. ಮೂರು ದಿನದಲ್ಲಿ ಮಾಡಿ ಮುಗಿಸಿದ್ದೆ. ಆ ದೇಶದೋರು ನಾಳೆ ಫೋನ್ ಮಾಡಿ ಕೇಳಿದ್ರೆ ನಾನೇನು ಹೇಳ್ಲಿ? ಸುಳ್ಳು ಹೇಳಿದ್ರೆ ಈ ಹುಡುಗೀನೂ ಸುಳ್ಳಿ ಆಗ್ತಾಳೆ."

ಹೊಸ ಹಾಳೆ ತೆಗೆದು ತಾವೇ ಇಂಗ್ಲಿಷಿನಲ್ಲಿ ಬರೆದರು: "ದಾಖಲೆಗಳು ಸಕಾಲದಲ್ಲಿ ಸಿದ್ಧವಾಗಿದ್ದವು. ಒಂದು ತಿಂಗಳು ಶುಭವಲ್ಲವೆಂಬ ನನ್ನ ಸ್ವಂತ ನಂಬಿಕೆಯಿಂದ, ವಿದ್ಯಾರ್ಥಿನಿಯನ್ನು ಕೇಳದೆ, ನಾನು ಅವುಗಳನ್ನು ಇಟ್ಟುಕೊಂಡೆ. ಇದು ನನ್ನೊಬ್ಬನ ತಪ್ಪು, ಇದರ ಫಲವನ್ನು ಅವಳು ಅನುಭವಿಸುವುದು ನ್ಯಾಯವಲ್ಲ." ಒಂದು ಪ್ರತಿಯನ್ನು ಪ್ರಾಂಶುಪಾಲರಿಗೆ ತಾವೇ ಕೊಂಡೊಯ್ದು ಕೊಟ್ಟು ಬಂದರು. ನಾನು ಅಂದಿನಿಂದ ಓದಿದ ಹೊಣೆಗಾರಿಕೆಯ ಪಠ್ಯಗಳಿಗೆಲ್ಲ ಮುನ್ನುಡಿ ಆ ಹಾಳೆ.

ಗಾಂಧಿನಗರದ ಕೊರಿಯರ್ ಅಂಗಡಿಗೆ ಮೂವರೂ ಆಟೋದಲ್ಲಿ ಓಡಿದೆವು. ಸಿನಿಮಾ ಕಚೇರಿಗಳ ಪೋಸ್ಟರುಗಳ ಕೆಳಗೆ ನಿಂತು ನನ್ನ ಲಕೋಟೆಯನ್ನೂ ಅವಳ ಲಕೋಟೆ ಮತ್ತು ಪತ್ರವನ್ನೂ ಕಳಿಸಿದೆವು. ಅಮ್ಮ ಅಂಗಡಿಯವನಿಂದ ರಸೀದಿ ಇಸಿದುಕೊಂಡು, ಓದಲು ಬಾರದಿದ್ದರೂ ಎರಡೂ ಬದಿ ತಿರುಗಿಸಿ ನೋಡಿ, ನನ್ನ ಕೈಗಿತ್ತಳು. ಉಳಿದ ಒಂಬತ್ತು ಲಕೋಟೆಗಳಿಗೆ ಸೂಪರಿಂಟೆಂಡೆಂಟರು ಅದೇ ಮಧ್ಯಾಹ್ನ ಒಬ್ಬೊಬ್ಬರಿಗೂ ಫೋನು ಮಾಡಿ ಕರೆಸಿದರಂತೆ.

ನನ್ನ ಲಕೋಟೆ ಗಡುವಿಗೆ ಒಂದು ದಿನ ಮುಂಚೆ ತಲುಪಿತು. ಜರ್ಮನಿಯಿಂದ ಉತ್ತರ ಬರುವ ಮೊದಲೇ ನಾನು ಹೊರಡಬೇಕಾಯಿತು. ಗೆಳತಿ ಹಾಸ್ಟೆಲಿನ ಗೇಟಿನಲ್ಲಿ ಕೈ ಬೀಸುವಾಗ ಹಸಿರು ಬಳೆಗಳು ಸದ್ದು ಮಾಡಿದವು. ನಾನು ಹೊರಟಿದ್ದೆ, ಅವಳು ಉಳಿದಿದ್ದಳು. ಅಷ್ಟು ಸಂತೋಷದ ಪ್ರಯಾಣದಲ್ಲೂ ಆ ಒಂದು ಮುಳ್ಳು ಜೊತೆಗೆ ಬಂತು.

ಸ್ಕಾಟ್ಲೆಂಡಿನ ಆ ಬಂದರು ನಗರ ನನಗೆ ಮೊದಲ ವಾರದಲ್ಲೇ ಹಿಡಿಸಿತು. ಕಲ್ಲಿನ ಮನೆಗಳು, ಕಡಲ ಹಕ್ಕಿಗಳ ಜಗಳ, ಪ್ರತಿ ಬಸ್‌ಸ್ಟಾಪಿನಲ್ಲೂ ಹವಾಮಾನವನ್ನು ಬೈಯುವ ಅಜ್ಜಿಯರು. ಅವರ ಇಂಗ್ಲಿಷು ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಆದರೂ ಬೈಗುಳದ ಧಾಟಿ ನಮ್ಮೂರಿನದೇ ಆದ್ದರಿಂದ ಸ್ನೇಹಕ್ಕೆ ಅಡ್ಡಿಯಾಗಲಿಲ್ಲ. ಹಾಸ್ಟೆಲಿನ ಒಲೆಯ ಮೇಲೆ ನಾನು ಮೊದಲ ಸಲ ಮುದ್ದೆ ತೊಳಸಿದಾಗ ಹೊಗೆಯ ಗಂಟೆ ಹೊಡೆದು ನಾಲ್ಕು ಮಹಡಿಯವರು ರಸ್ತೆಗಿಳಿದರು. ಕಾರಣ ಬರೆದುಕೊಡಿ ಎಂದು ವಾರ್ಡನ್ ಫಾರಂ ಕೊಟ್ಟರು. ಎಳೆ ಎಳೆಯಾಗಿ ಬರೆದೆ, ಪಾಕವಿಧಾನ ಸಮೇತ. ಮುಂದಿನ ವಾರ ಅವರೇ ತಿನ್ನಲು ಬಂದರು.

ಒಂದು ತರಗತಿಯಲ್ಲಿ ನಾನು ಆಷಾಢದ ಕಥೆ ಹೇಳಿದೆ. ಎಲ್ಲರೂ ನಕ್ಕರು, ಅಧ್ಯಾಪಕಿ ಮಾತ್ರ ನಗದೆ, ಆ ಅಧಿಕಾರಿಯನ್ನು ಕ್ಷಮಿಸಿದ್ದೀಯಾ ಎಂದು ಕೇಳಿದರು. ನನ್ನ ಗೆಳತಿಯ ಸೀಟು ತೀರ್ಮಾನವಾಗುವವರೆಗೆ ಆ ಪ್ರಶ್ನೆ ನನ್ನದಲ್ಲ ಎಂದೆ. ಒಳ್ಳೆಯ ಮನಸ್ಸು ನಿಯಮಕ್ಕೆ ಬದಲಿಯಲ್ಲ. ಕರುಣೆಯಿಂದ ಬೀಗ ಹಾಕಿದರೂ ಒಳಗಿದ್ದವರಿಗೆ ಅದು ಬೀಗವೇ. ನಮ್ಮ ಹಿತವನ್ನು ನಮ್ಮನ್ನು ಕೇಳದೆ ತೀರ್ಮಾನಿಸುವ ಹಿರಿಯರ ವಾತ್ಸಲ್ಯವನ್ನು ನಾನು ಅಂದೂ ಪ್ರಶ್ನಿಸಿದೆ, ಇಂದೂ ಪ್ರಶ್ನಿಸುತ್ತೇನೆ. ಆದರೆ ತಪ್ಪು ಮಾಡಿದವರು ತಪ್ಪಿನ ಪಕ್ಕದಲ್ಲಿ ಎದ್ದು ನಿಂತರೆ ನಾನೂ ಎದ್ದು ನಿಲ್ಲುತ್ತೇನೆ. ಎರಡನ್ನೂ ಒಟ್ಟಿಗೆ ಹೇಳಲು ಕಲಿಯುವುದಕ್ಕೆ ನನಗೆ ಆ ಪೂರ್ತಿ ವರ್ಷ ಬೇಕಾಯಿತು.

ಜರ್ಮನಿಯ ಉತ್ತರ ಬಂದದ್ದು ಸ್ಕಾಟ್ಲೆಂಡಿನಲ್ಲಿ ಮೊದಲ ಹಿಮ ಬಿದ್ದ ವಾರ. ಈ ವರ್ಷದ ಸ್ಥಾನ ಬೇರೆಯವರಿಗೆ ಹೋಗಿದೆ. ಆದರೆ ಪತ್ರವನ್ನು ಓದಿದ ಸಮಿತಿ ಇದೇ ಸ್ಥಾನ, ಇದೇ ವೇತನವನ್ನು ಮುಂದಿನ ವರ್ಷಕ್ಕೆ ಕಾಯ್ದಿರಿಸಿದೆ. ಗೆಳತಿ ಫೋನಿನಲ್ಲಿ ಕಿರುಚಿದ ರಭಸಕ್ಕೆ ನನ್ನ ಕಿವಿ ಅರ್ಧ ದಿನ ಗುಂಯ್‌ಗುಟ್ಟಿತು. ಹಾಸ್ಟೆಲಿನ ತಾರಸಿಯ ಮೇಲೆ ಒಗೆದ ಬಟ್ಟೆಗಳ ನಡುವೆ ಅವಳು ಕುಣಿಯುತ್ತಿರುವುದನ್ನು ಇನ್ನೊಬ್ಬ ಹುಡುಗಿ ಚಿತ್ರೀಕರಿಸಿ ಕಳಿಸಿದಳು. ಸೂಪರಿಂಟೆಂಡೆಂಟರಿಗೆ ಪ್ರಾಂಶುಪಾಲರು ನೋಟಿಸು ಕೊಟ್ಟಿದ್ದರು, ಅವರು ಒಂದೇ ಪುಟದಲ್ಲಿ ಎಲ್ಲವನ್ನೂ ಒಪ್ಪಿಕೊಂಡು ಉತ್ತರಿಸಿದ್ದರು. ಎಚ್ಚರಿಕೆಯೊಂದನ್ನು ದಾಖಲಿಸಿ ಸಕಾಲದಲ್ಲಿ ನಿವೃತ್ತಿ ಕೊಟ್ಟರು, ಪಿಂಚಣಿ ನಿಲ್ಲಲಿಲ್ಲ.

ಓದು ಮುಗಿಸಿ ನಾನು ಅದೇ ನಗರದಲ್ಲಿ ಕೆಲಸಕ್ಕೆ ಸೇರಿದೆ. ನಗರಸಭೆಯ ವಿರುದ್ಧ ನಾಗರಿಕರು ಕೊಡುವ ದೂರುಗಳನ್ನು ಪರಿಶೀಲಿಸುವ ಕಚೇರಿ. ಕಸ ಒಯ್ಯಲಿಲ್ಲ, ವೃದ್ಧೆಯ ಮನೆಯ ಬಿಸಿನೀರು ಆರು ವಾರದಿಂದ ಬಂದಿಲ್ಲ, ಅರ್ಜಿ ಕಾಣೆಯಾಗಿದೆ. ಅಲ್ಲಿಯೂ ಅಧಿಕಾರಿಗಳು ಕೆಲಸದ ಒತ್ತಡ ಎಂದೇ ಬರೆಯುತ್ತಾರೆ. ಸಮುದ್ರ ದಾಟಿದ ಮಾತ್ರಕ್ಕೆ ಮನುಷ್ಯರು ಹೊಣೆ ಹೊರಲು ಕಲಿತಿರುವುದಿಲ್ಲ. ಕೇಳುವವರು ಇದ್ದಾರೆ ಎಂಬುದೊಂದೇ ವ್ಯತ್ಯಾಸ. ಕೇಳುವುದೇ ನನ್ನ ಉದ್ಯೋಗವಾದ ಮೊದಲ ಸೋಮವಾರ ನಾನು ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಅದೇ ವಾರ ಗೆಳತಿ ಜರ್ಮನಿಗೆ ಹೊರಟಳು. ಕಡಿಮೆ ದರದ ಟಿಕೆಟ್ ಸಿಕ್ಕಿದ್ದು ನಡು ಆಷಾಢದಲ್ಲಿ, ಅದೂ ಮಂಗಳವಾರ, ಅದೂ ರಾಹುಕಾಲದಲ್ಲಿ. ಬೆಳಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದಾಗ ಅವಳ ವಿಡಿಯೊ ಕರೆ ಬಂತು. ಚಾಮರಾಜಪೇಟೆಯ ಜಗಲಿಯಲ್ಲಿ ಪೆಟ್ಟಿಗೆಗಳು, ಅವಳ ಅಪ್ಪ ಅಮ್ಮ, ಊರಿಂದ ಬಂದಿದ್ದ ನನ್ನ ಅಮ್ಮ, ಹಾಸ್ಟೆಲಿನ ಅರ್ಧ ಹುಡುಗಿಯರು. ನಡುವೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮನೆಯಾಕೆ ಮಾಡಿದ ಕೋಡುಬಳೆಯ ಡಬ್ಬಿ ಹಿಡಿದು ನಿವೃತ್ತ ಸೂಪರಿಂಟೆಂಡೆಂಟರು. ಮಲ್ಲೇಶ್ವರದಿಂದ ಅವಳನ್ನು ಕಳಿಸಿಕೊಡಲೆಂದೇ ಬಂದಿದ್ದರು.

ಗೆಳತಿಗೆ ಅವರನ್ನು ಕೆಣಕದೆ ಇರಲು ಸಾಧ್ಯವೇ ಇಲ್ಲ. "ಸರ್, ಮೂರೂ ಮುಕ್ಕಾಲಿಗೆ ಫ್ಲೈಟು, ಸರಿಯಾಗಿ ರಾಹುಕಾಲ. ಶ್ರಾವಣದವರೆಗೂ ತಾಳ್ಮೆ ತಗೊಳ್ಲಾ?"

ಜಗಲಿಯೆಲ್ಲ ನಕ್ಕಿತು. ಅವರ ಕಿವಿ ಕೆಂಪಾದದ್ದು ಆ ಸಣ್ಣ ಪರದೆಯಲ್ಲೂ ಕಾಣಿಸಿತು. ಕೋಡುಬಳೆಯ ಡಬ್ಬಿಯನ್ನು ಅವಳ ಕೈಚೀಲಕ್ಕೆ ತುರುಕುತ್ತಾ ಅವರು ಹೇಳಿದರು:

"ನೀನು ಹೊರಡಮ್ಮ. ವಿಮಾನ ಟೈಮಿಗೆ ಬಿಟ್ರೆ ಸಾಕು. ಲೇಟ್ ಮಾಡಿದ್ರೆ ಮಾತ್ರ, ಯಾರಿಂದ ಲೇಟಾಯ್ತು ಅಂತ ಬರೆಸಿ ಇಸ್ಕೊ."

ವಿಮಾನ ನಲವತ್ತು ನಿಮಿಷ ತಡವಾಯಿತು. ಅವಳು ಬರೆಸಿ ಇಸಿದುಕೊಂಡೇ ಹತ್ತಿದಳು.